ಮಳೆ ಪುಸ್ತಕ ಬರೆಯುವವರಿಗೆ ಡಿಜಿಟಲ್ ಕಷ್ಟವಲ್ಲ

ಪ್ರಶ್ನೆ: ನಾವು ಕೊಡಗಿನ ಮಾದಾಪುರದ ಹತ್ತಿರ ಇದ್ದೇವೆ. ಆರು ಎಕರೆ ತೋಟ. ಜಾಸ್ತಿ ರೋಬಸ್ಟಾ, ಮೇಲಿನ ಗುಡ್ಡದಲ್ಲಿ ಸ್ವಲ್ಪ ಅರೇಬಿಕಾ, ಮಧ್ಯೆ ಕರಿಮೆಣಸು. ನಾಲ್ಕು ವರ್ಷದಿಂದ ನಮ್ಮದೇ ಕಾಫಿ ಪುಡಿ ಮಾಡಿ ಮಾರುತ್ತಿದ್ದೇನೆ. ಜೊತೆಗೆ ಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಡೆಯ ಹುಳಿ). ಮನೆಯ ಎರಡು ಕೋಣೆ ಹೋಂಸ್ಟೇಗೆ ಕೊಟ್ಟಿದ್ದೇವೆ. ಪುಡಿ, ಕೋಣೆ ಎಲ್ಲಾ ಸೇರಿ ವರ್ಷಕ್ಕೆ 18 ಲಕ್ಷದ ವ್ಯಾಪಾರ ಇರಬಹುದು, ಸರಿಯಾದ ಲೆಕ್ಕ ಇಲ್ಲ. ಪ್ಯಾಕಿಂಗ್‌ಗೆ ಇಬ್ಬರು ಹುಡುಗಿಯರು ಬರುತ್ತಾರೆ. ಬೆಂಗಳೂರಿನಲ್ಲಿರುವ ಮಗ ‘ಆನ್‌ಲೈನ್ ಆಗದಿದ್ದರೆ ಬೆಳೆಯೋಕಾಗಲ್ಲ ಅಮ್ಮ’ ಅನ್ನುತ್ತಾನೆ. ಏಜೆನ್ಸಿಯವರೊಬ್ಬರು ಬಂದು ವೆಬ್‌ಸೈಟ್, ಇನ್‌ಸ್ಟಾಗ್ರಾಂ, ಗೂಗಲ್‌ನಲ್ಲಿ ಮೇಲೆ ಬರುವ ಹಾಗೆ ಮಾಡುವುದು, ಎಲ್ಲಾ ಸೇರಿಸಿ ಒಂದೂವರೆ ಲಕ್ಷ ಕೇಳಿದ್ದಾರೆ. ಕೊಡಬಹುದೇ? ನನಗೆ 53 ವರ್ಷ. ಈಗ ಏನು ಕಲಿಯಬೇಕು, ಯಾವುದು ಮೊದಲು? ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ, ಅದಕ್ಕೇನು ಮಾಡುವುದು? ಮತ್ತೆ, ಎಲ್ಲಾ ಇಂಗ್ಲಿಷಿನಲ್ಲೇ ಬರೆಯಬೇಕಾ?

ಉತ್ತರ: ಈಗ ಕೊಡಬೇಡಿ. ಆರು ತಿಂಗಳು ತಡೆಯಿರಿ.

ಆ ಮನುಷ್ಯ ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅಷ್ಟೆಲ್ಲ ಕೆಲಸಕ್ಕೆ ಅಷ್ಟು ಕೇಳುವವರು ಇದ್ದಾರೆ. ನನಗೆ ತಡೆ ಹಾಕಿದ್ದು ನಿಮ್ಮದೇ ಮಾತು: ‘ಸರಿಯಾದ ಲೆಕ್ಕ ಇಲ್ಲ’. ಕುಶಾಲನಗರದಲ್ಲಿ ಕೂತು ಸಣ್ಣ ವ್ಯಾಪಾರದವರಿಗೆ ಲೆಕ್ಕ, ಕಂಪ್ಯೂಟರು, ಫೋನು ಹೇಳಿಕೊಡುವ ಕೆಲಸ ನನ್ನದು. ವೆಬ್‌ಸೈಟ್ ಮಾಡಿಸಿ, ಮೊದಲ ವರ್ಷ ಎಲ್ಲರಿಗೂ ತೋರಿಸಿ, ಎರಡನೇ ವರ್ಷ ಅದರ ಬಾಡಿಗೆ ಕಟ್ಟದೆ ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಯಾರಿಗೂ ಒಂದು ಪ್ಯಾಕೆಟ್‌ನಲ್ಲಿ ತಮಗೆಷ್ಟು ಉಳಿಯುತ್ತದೆ ಅಂತ ಗೊತ್ತಿರಲಿಲ್ಲ.

ವಯಸ್ಸಿನ ಮಾತು ಬಿಡಿ. ನಿಮ್ಮ ಮನೆಯಲ್ಲೂ ಮಳೆ ಪುಸ್ತಕ ಇರಬೇಕು, ಅಲ್ವಾ? ಬೆಳಿಗ್ಗೆ ಎದ್ದು ರೈನ್‌ಗೇಜಿನ ನೀರು ಅಳೆದು ‘ಎರಡು ಇಂಚು ಮೂವತ್ತು ಸೆಂಟ್ಸ್’ ಅಂತ ಬರೆದಿಡುವ ಪುಸ್ತಕ. ಕೊಡಗಿನಲ್ಲಿ ಅಜ್ಜನ ಕಾಲದಿಂದ ಇಂಥ ಪುಸ್ತಕ ಇಟ್ಟುಕೊಂಡ ಮನೆಗಳಿವೆ. ಕಾಫಿ ಹೂ ಬಿಡಿಸುವ ಹೂಮಳೆ ಯಾವ ತಾರೀಕಿಗೆ ಬಂತು, ಅದರ ಹಿಂದೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ಬಿಟ್ಟು ಬಂತು, ಕಳೆದ ವರ್ಷಕ್ಕಿಂತ ಎಷ್ಟು ಹಿಂದೆ. ಅದನ್ನು ನೋಡಿಯೇ ಸ್ಪ್ರಿಂಕ್ಲರ್ ಎಳೆಯಬೇಕೋ ಕಾಯಬೇಕೋ ಅಂತ ತೀರ್ಮಾನ ಮಾಡುತ್ತೀರಿ. ನಿಮ್ಮ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ) ಒ.ಟಿ., ಅಂದರೆ ಔಟ್‌ಟರ್ನ್, ಎಷ್ಟು ಅಂತ ಕೇಳಿದರೆ ನಿದ್ದೆಗಣ್ಣಿನಲ್ಲೂ ಐವತ್ತು ಕೆಜಿ ಚೀಲಕ್ಕೆ ಇಷ್ಟು ಕೆಜಿ ಬೀಜ ಅಂತ ಹೇಳುತ್ತೀರಿ. ಪೇಟೆಯಲ್ಲಿ ‘ಡೇಟಾ’ ಅಂತ ದೊಡ್ಡ ದನಿಯಲ್ಲಿ ಹೇಳುವುದು ಇದನ್ನೇ. ತೋಟಕ್ಕೆ ಮಾಡುವುದನ್ನು ಪುಡಿ ವ್ಯಾಪಾರಕ್ಕೆ ಮಾಡಿಲ್ಲ, ಅಷ್ಟೇ ಕೊರತೆ.

ಹಾಗಾಗಿ ನೀವು ಮೊದಲು ಕಲಿಯಬೇಕಾದದ್ದು ಫೋನಿನಲ್ಲಿ ಒಂದು ಶೀಟು ತುಂಬುವುದು. ಗೂಗಲ್ ಶೀಟ್ಸ್ ಅಂತ ಒಂದು ಆ್ಯಪ್ ಇದೆ, ದುಡ್ಡಿಲ್ಲ. ಒಂಬತ್ತು ಕಾಲಂ ಸಾಕು: ತಾರೀಕು, ಹೆಸರು, ಫೋನ್, ಊರು, ಏನು ಕೊಂಡರು, ಎಷ್ಟು, ಎಷ್ಟು ದುಡ್ಡು, ದುಡ್ಡು ಬಂತಾ, ಮತ್ತು ಕೊನೆಯದಾಗಿ ನಮ್ಮ ವಿಷಯ ಎಲ್ಲಿಂದ ಗೊತ್ತಾಯಿತು. ಟೈಪು ಮಾಡುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿ, ಅದೇ ಬರೆದುಕೊಳ್ಳುತ್ತದೆ. ‘ಕಾಚಂಪುಳಿ’ಯನ್ನು ಮೊದಲ ಸಲ ಏನೇನೋ ಮಾಡಿ ಬರೆಯುತ್ತದೆ, ನಗಬೇಡಿ, ತಿದ್ದಿ. ದಿನಕ್ಕೆ ಹತ್ತು ನಿಮಿಷದ ಕೆಲಸ. ಮಳೆ ಅಳೆದು ಬಂದ ಕೂಡಲೇ ಹಿಂದಿನ ದಿನದ್ದು ತುಂಬಿಬಿಡಿ.

ಇನ್ನೊಂದು ಶೀಟು ಖರ್ಚಿನದ್ದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಸ್ವಂತ ತೋಟದ ಕಾಫಿ ಪುಡಿ ಮಾರುವವರು ಎಡವುವುದು ಇಲ್ಲೇ. ತೋಟದ ಬೀಜ ಬಿಟ್ಟಿ ಅಂದುಕೊಳ್ಳುತ್ತಾರೆ. ಅದೇ ಬೀಜವನ್ನು ವ್ಯಾಪಾರಿಗೆ ಕೊಟ್ಟಿದ್ದರೆ ದುಡ್ಡು ಬರುತ್ತಿತ್ತಲ್ಲ? ಆ ದುಡ್ಡೇ ನಿಮ್ಮ ಬೀಜದ ಬೆಲೆ.

ಲೆಕ್ಕ ತೋರಿಸುವುದಕ್ಕೆ ಒಂದು ಉದಾಹರಣೆ ಹಾಕುತ್ತೇನೆ. ಅಂಕಿಗಳು ನನ್ನವು, ನಿಮ್ಮ ದರ ನೀವು ತುಂಬಿಕೊಳ್ಳಿ. ಕ್ಲೀನ್ ಬೀಜ (ಸಿಪ್ಪೆ ತೆಗೆದದ್ದು) ಕೆಜಿಗೆ 400 ರೂಪಾಯಿ ಅಂತ ಇಟ್ಟುಕೊಳ್ಳೋಣ. ಹುರಿಯುವಾಗ ಆರರಲ್ಲಿ ಒಂದು ಪಾಲು ತೂಕ ಹೋಗುತ್ತದೆ ಅಂದರೆ, 250 ಗ್ರಾಂ ಪುಡಿಗೆ 300 ಗ್ರಾಂ ಬೀಜ ಬೇಕು. ಅದು 120 ರೂಪಾಯಿ. ಹುರಿದು ಪುಡಿ ಮಾಡಿಸುವ ಕೂಲಿ 15. ಕವರು, ಲೇಬಲ್ 12. ರುಚಿ ನೋಡಲು ಕೊಟ್ಟದ್ದು, ಹರಿದುಹೋದದ್ದು ಅಂತ 5. ಇಲ್ಲಿಗೆ 152. ಪೆಟ್ಟಿಗೆ, ಟೇಪು 8. ಪಾರ್ಸೆಲ್ 60. ಒಟ್ಟು 220. ನೀವು ‘ಫ್ರೀ ಡೆಲಿವರಿ’ ಅಂತ ಹೇಳಿ 225ಕ್ಕೆ ಮಾರಿದಿರಿ. ಉಳಿದದ್ದು ಐದು ರೂಪಾಯಿ.

ಈಗ ಅದೇ ಗಿರಾಕಿ ನಾಲ್ಕು ಪ್ಯಾಕೆಟ್ ಒಟ್ಟಿಗೆ ತೆಗೆದುಕೊಂಡರೆ ನೋಡಿ. 152ರಂತೆ ನಾಲ್ಕಕ್ಕೆ 608. ಸ್ವಲ್ಪ ದೊಡ್ಡ ಪೆಟ್ಟಿಗೆ 15. ಒಂದು ಕೆಜಿ ಪಾರ್ಸೆಲ್ 110. ಒಟ್ಟು 733. ನಾಲ್ಕು ಪ್ಯಾಕೆಟ್‌ಗೆ ಬಂದದ್ದು 900. ಉಳಿದದ್ದು 167. ಪುಡಿ ಅದೇ, ಬೆಲೆ ಅದೇ, ಹುಡುಗಿಯರ ಕೆಲಸವೂ ಹೆಚ್ಚುಕಮ್ಮಿ ಅದೇ.

ಒಂದೂವರೆ ಲಕ್ಷವನ್ನು ಐದು ರೂಪಾಯಿಯಂತೆ ವಾಪಸ್ ಪಡೆಯಬೇಕಾದರೆ 30,000 ಪ್ಯಾಕೆಟ್ ಮಾರಬೇಕು. 167ರಂತೆ ಆದರೆ ಸುಮಾರು 900 ಪಾರ್ಸೆಲ್. ಈ ಲೆಕ್ಕ ಮಾಡದೆ ವೆಬ್‌ಸೈಟ್ ತೆರೆದರೆ, ಆರ್ಡರ್ ಜಾಸ್ತಿ ಆದಷ್ಟೂ ಸುಸ್ತು ಜಾಸ್ತಿ, ದುಡ್ಡು ಮಾತ್ರ ಅಷ್ಟೇ. ಒಂದು ಕೆಜಿಗಿಂತ ಕಮ್ಮಿ ಕಳಿಸುವುದಿಲ್ಲ ಅಂತ ನಿಯಮ ಮಾಡಿ, ಇಲ್ಲವೇ ಪಾರ್ಸೆಲ್ ಖರ್ಚನ್ನು ಬೇರೆ ತೋರಿಸಿ. ಹೀಗೆ ಮಾಡಿದರೆ ಗಿರಾಕಿ ಓಡಿಹೋಗುತ್ತಾರೆ ಅಂತ ಎಲ್ಲರೂ ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ, ನಿಮ್ಮ ಪುಡಿ ಕುಡಿದು ಒಗ್ಗಿದವರು ಓಡುವುದಿಲ್ಲ. ಪಕ್ಕದ ಮನೆಯವರನ್ನೂ ಸೇರಿಸಿಕೊಂಡು ಆರ್ಡರ್ ಕೊಡುತ್ತಾರೆ.

ಒಂಬತ್ತನೇ ಕಾಲಂ ಇದೆಯಲ್ಲ, ‘ಎಲ್ಲಿಂದ ಗೊತ್ತಾಯಿತು’ ಅನ್ನುವುದು, ಅದನ್ನು ಖಾಲಿ ಬಿಡಬೇಡಿ. ಗೋಣಿಕೊಪ್ಪ ಕಡೆಯ ಒಬ್ಬರು ಮನೆಯಲ್ಲಿ ಚಾಕೊಲೇಟ್ ಮಾಡಿ ಮಾರುತ್ತಾರೆ. ಜಾಹೀರಾತಿಗೆ ತಿಂಗಳು ತಿಂಗಳು ದುಡ್ಡು ಸುರಿಯುತ್ತಿದ್ದರು. ಮೂರು ತಿಂಗಳು ಈ ಕಾಲಂ ತುಂಬಿಸಿದ ಮೇಲೆ ಗೊತ್ತಾದದ್ದು, ಆರ್ಡರ್‌ಗಳ ದೊಡ್ಡ ಪಾಲು ಮೈಸೂರಿನ ಒಂದೇ ಅಪಾರ್ಟ್‌ಮೆಂಟಿನಿಂದ ಬರುತ್ತಿತ್ತು. ಅಲ್ಲಿ ಹಳೆಯ ಗಿರಾಕಿಯೊಬ್ಬರು ತಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡುತ್ತಿದ್ದರು, ಅಷ್ಟೇ. ಇವರು ಜಾಹೀರಾತು ನಿಲ್ಲಿಸಿದರು. ದೀಪಾವಳಿಗೆ ಆ ಗಿರಾಕಿಗೆ ಒಂದು ದೊಡ್ಡ ಡಬ್ಬಿ ಕಳಿಸಿದರು.

ಎರಡನೆಯದು ವಾಟ್ಸ್‌ಆ್ಯಪ್ ಬಿಸಿನೆಸ್. ಮಾಮೂಲಿ ವಾಟ್ಸ್‌ಆ್ಯಪ್ ಬೇರೆ, ಇದು ಬೇರೆ ಆ್ಯಪ್, ಇದಕ್ಕೂ ದುಡ್ಡಿಲ್ಲ. ವ್ಯಾಪಾರಕ್ಕೆ ಅಂತಲೇ ಒಂದು ಸಿಮ್ ತೆಗೆದುಕೊಳ್ಳಿ. ನಿಮ್ಮ ತೌರಿನ ಗ್ರೂಪಿನ ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಆರ್ಡರ್ ಹುಡುಕುವ ಕಷ್ಟ ತಪ್ಪುತ್ತದೆ. ಅದರಲ್ಲಿ ಕ್ಯಾಟಲಾಗ್ ಅಂತ ಇದೆ, ಪ್ರತಿ ವಸ್ತುವಿನ ಫೋಟೋ, ತೂಕ, ಬೆಲೆ ಹಾಕಿಡಬಹುದು. ನಿಮ್ಮಷ್ಟು ವ್ಯಾಪಾರಕ್ಕೆ ಅದೇ ಅರ್ಧ ವೆಬ್‌ಸೈಟು. ಲೇಬಲ್ ಅಂತ ಇದೆ. ‘ಹೊಸ ಆರ್ಡರ್’, ‘ದುಡ್ಡು ಬರಬೇಕು’, ‘ಕಳಿಸಿದ್ದಾಯ್ತು’ ಅಂತ ಮೂರು ಮಾಡಿಕೊಂಡರೆ ಯಾರಿಗೆ ಕಳಿಸಿದೆ ಯಾರಿಗಿಲ್ಲ ಅನ್ನುವ ಗೊಂದಲ ಇರಲ್ಲ.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕ್ವಿಕ್ ರಿಪ್ಲೈ. ಹೋಂಸ್ಟೇಗೆ ಬರುವವರು ಕೇಳುವುದು ಅವೇ ಐದಾರು ಪ್ರಶ್ನೆ: ದಾರಿ ಹೇಗೆ, ಊಟ ಇದೆಯಾ, ಸಸ್ಯಾಹಾರ ಸಿಗುತ್ತಾ, ಬಿಸಿನೀರು ಎಷ್ಟು ಹೊತ್ತು, ವೈಫೈ ಇದೆಯಾ, ಅಬ್ಬಿ ಫಾಲ್ಸ್ ಎಷ್ಟು ದೂರ. ಒಂದು ಸಲ ಕೂತು ಆರಕ್ಕೂ ಚೆನ್ನಾಗಿ ಉತ್ತರ ಬರೆದಿಟ್ಟರೆ, ಆಮೇಲೆ ಒಂದು ಓರೆಗೆರೆ (/) ಒತ್ತಿ ಬೇಕಾದದ್ದನ್ನು ಆರಿಸಿದರೆ ಸಾಕು, ಉತ್ತರ ಹೋಗುತ್ತದೆ. ದಾರಿಯ ಉತ್ತರದಲ್ಲಿ ‘ನೆಟ್‌ವರ್ಕ್ ಕೊನೆಯದಾಗಿ ಸಿಗುವುದು ಮಾದಾಪುರದಲ್ಲಿ, ಅಲ್ಲಿಂದಲೇ ಒಂದು ಫೋನ್ ಮಾಡಿ’ ಅಂತ ಸೇರಿಸಿ. ನಿಮ್ಮಲ್ಲಿ ಯಾವ ತಿರುವಿನಲ್ಲಿ ಸಿಗ್ನಲ್ ಹೋಗುತ್ತದೆ ಅಂತ ಬೆಂಗಳೂರಿನ ಕಂಪನಿಗೆ ಗೊತ್ತಿರುವುದಿಲ್ಲ. ಬ್ರಾಡ್‌ಕಾಸ್ಟ್ (ಒಂದೇ ಮೆಸೇಜ್ ಬಹಳ ಜನರಿಗೆ ಒಟ್ಟಿಗೆ) ಕಳಿಸುವಾಗ ಒಂದು ವಿಷಯ ನೆನಪಿರಲಿ: ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಪ್ರತಿ ಪಾರ್ಸೆಲ್ ಒಳಗೂ ಒಂದು ಚೀಟಿ ಹಾಕಿ, ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಬೆಳೆ ಬಂದಾಗ ತಿಳಿಸುತ್ತೇವೆ’ ಅಂತ.

ಮೂರನೆಯದು ಗೂಗಲ್ ಮ್ಯಾಪಿನಲ್ಲಿ ನಿಮ್ಮ ಜಾಗ. ‘ಗೂಗಲ್‌ನಲ್ಲಿ ಮೇಲೆ ತರುತ್ತೇವೆ’ ಅಂತ ದುಡ್ಡು ಕೇಳುತ್ತಾರಲ್ಲ, ಅದರಲ್ಲಿ ಬಹುಪಾಲು ಕೆಲಸ ನೀವೇ ಮಾಡಬಹುದು. ಬಿಸಿನೆಸ್ ಪ್ರೊಫೈಲ್ ಅಂತ ಇದೆ, ಉಚಿತ. ಜಾಗ ನಿಮ್ಮದೇ ಅಂತ ತೋರಿಸಲು ಈಗ ಸಾಮಾನ್ಯವಾಗಿ ವಿಡಿಯೋ ಕೇಳುತ್ತಾರೆ: ಗೇಟು, ಬೋರ್ಡು, ಒಳಗಿನ ಕೆಲಸ ಎಲ್ಲಾ ತೋರಿಸಿ ಒಂದೇ ಸಲಕ್ಕೆ ತೆಗೆಯಬೇಕು. ಹೊರಗೆ ಬೋರ್ಡ್ ಇಲ್ಲದಿದ್ದರೆ ಮೊದಲು ಒಂದು ಬೋರ್ಡ್ ಬರೆಸಿ.

ಪಿನ್ ಎಲ್ಲಿ ಬಿದ್ದಿದೆ ಅಂತ ನೀವೇ ಗೇಟಿನ ಹತ್ತಿರ ನಿಂತು ನೋಡಿ. ಗಾಳಿಬೀಡು ಕಡೆಯ ಒಂದು ಹೋಂಸ್ಟೇಯ ಪಿನ್ ತೊರೆಯ ಆಚೆ ಬಿದ್ದಿತ್ತು. ಬಂದವರೆಲ್ಲ ರಾತ್ರಿ ಒಂಬತ್ತಕ್ಕೆ ಬೇರೆಯವರ ತೋಟದ ಗೇಟಿನ ಮುಂದೆ ನಿಲ್ಲುತ್ತಿದ್ದರು. ಒಳಗೆ ಮೂರು ನಾಯಿ. ಎರಡು ವರ್ಷ ಆ ಮನೆಯವರು ಬೈದುಕೊಳ್ಳುತ್ತಲೇ ದಾರಿ ತೋರಿಸಿದ್ದಾರೆ. ಇತ್ತ ಹೋಂಸ್ಟೇಗೆ ‘ಊಟ ಚೆನ್ನಾಗಿದೆ, ಆದರೆ ಜಾಗ ಸಿಗುವುದೇ ಇಲ್ಲ’ ಅಂತ ರಿವ್ಯೂ ಮೇಲೆ ರಿವ್ಯೂ. ಸರಿ ಮಾಡಲು ಹಿಡಿದದ್ದು ಕೆಲವೇ ನಿಮಿಷ. ಪಿನ್ ಅನ್ನು ಬೆರಳಿನಲ್ಲಿ ಎಳೆದು ಜಾಗಕ್ಕೆ ಕೂರಿಸುವುದು, ಅಷ್ಟೇ ಕೆಲಸ. ಅದು ಮಾಡಬಹುದು ಅಂತಲೇ ಅವರಿಗೆ ಗೊತ್ತಿರಲಿಲ್ಲ.

ಈ ಖಾತೆಗಳೆಲ್ಲ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಲಿ. ಮಗನದ್ದೂ ಬೇಡ, ಏಜೆನ್ಸಿಯದ್ದಂತೂ ಬೇಡವೇ ಬೇಡ. ಇದು ನಾನೇ ಪೆಟ್ಟು ತಿಂದು ಕಲಿತ ಪಾಠ. ನನ್ನ ತರಬೇತಿಯ ಪೇಜನ್ನು ಒಬ್ಬ ಹುಡುಗ ತನ್ನ ನಂಬರಿನಲ್ಲಿ ಮಾಡಿಕೊಟ್ಟಿದ್ದ. ಒಳ್ಳೆಯ ಹುಡುಗ. ಗಲ್ಫಿಗೆ ಹೋದ. ಹಳೆಯ ಸಿಮ್ ರೀಚಾರ್ಜ್ ಮಾಡಲಿಲ್ಲ, ಆ ನಂಬರು ಬೇರೆ ಯಾರದೋ ಪಾಲಾಯಿತು. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಒಟಿಪಿ ನನಗೆ ಬರುವುದಿಲ್ಲ. ಐದು ವರ್ಷದ ಫೋಟೋ, ಜನರು ಬರೆದ ಒಳ್ಳೆಯ ಮಾತು ಎಲ್ಲಾ ಹೋಯಿತು. ಬೇರೆಯವರಿಗೆ ಬುದ್ಧಿ ಹೇಳುವವನ ಕಥೆ ಇದು!

ಖಾತೆ ನಿಮ್ಮ ಹೆಸರಲ್ಲೇ ಇದ್ದರೂ ಆ ಜಾಗ ಬೇರೆಯವರದ್ದು ಅನ್ನುವುದು ಮರೆಯಬೇಡಿ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲಿ ಹೆಸರು ಮಾಡಿದವರೆಲ್ಲ ರಾತ್ರೋರಾತ್ರಿ ಬರಿಗೈ ಆದರು. ಬಿಸಿನೆಸ್ ಪ್ರೊಫೈಲ್ ಜೊತೆ ಗೂಗಲ್ ಉಚಿತವಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ನಿಮ್ಮ ಶೀಟಿನಲ್ಲಿರುವ ಗಿರಾಕಿಗಳ ಹೆಸರು, ನಂಬರು ಮಾತ್ರ ಯಾರು ಏನು ಮುಚ್ಚಿದರೂ ನಿಮ್ಮ ಹತ್ತಿರ ಇರುತ್ತದೆ.

ಬುಕಿಂಗ್ ಸೈಟುಗಳ ಬಗ್ಗೆಯೂ ಇದೇ ಕಣ್ಣಲ್ಲಿ ನೋಡಿ. ನೂರಕ್ಕೆ ಇಪ್ಪತ್ತು ಕಮಿಷನ್ ಅಂದರೆ 3,000 ರೂಪಾಯಿ ಕೋಣೆಗೆ 600 ಹೋಯಿತು. ಆದರೂ ಅವರನ್ನು ಬೈಯಬೇಡಿ. ನಿಮ್ಮ ಹೆಸರೇ ಕೇಳದವರನ್ನು ನಿಮ್ಮ ಗೇಟಿನವರೆಗೆ ತಂದದ್ದಕ್ಕೆ ಅದು ಕೂಲಿ. ಮೊದಲ ಸಲ ಅಲ್ಲಿಂದ ಬರಲಿ. ಹೊರಡುವಾಗ ಕಾಲು ಕೆಜಿ ಪುಡಿ ಕೈಗಿಟ್ಟು, ನಂಬರ್ ಬರೆದುಕೊಂಡು, ಮುಂದಿನ ಸಲ ನೇರವಾಗಿ ಫೋನ್ ಮಾಡಿ ಅನ್ನಿ. ಎರಡನೇ ಸಲವೂ 600 ಹೋಗುತ್ತಿದ್ದರೆ ತಪ್ಪು ನಮ್ಮದು. ಅಂದಹಾಗೆ, ಅತಿಥಿಗಳ ಆಧಾರ್ ಫೋಟೋಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಗೇ ಗುಡ್ಡೆ ಹಾಕಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಅಳಿಸಿ. ವಿದೇಶದವರು ಉಳಿದುಕೊಂಡರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರ ತುಂಬಬೇಕು ಅನ್ನುವುದು ನಿಮಗೆ ಗೊತ್ತಿರಬಹುದು.

ಈಗ ಆ ಏಜೆನ್ಸಿಯವರು ಹೇಳದೆ ಬಿಟ್ಟ ವಿಷಯ. ವೆಬ್‌ಸೈಟ್ ತೆರೆದ ಮರುದಿನವೇ ಕೊಚ್ಚಿಯಿಂದಲೋ ಚೆನ್ನೈಯಿಂದಲೋ ಆರ್ಡರ್ ಬರಬಹುದು. ಖುಷಿಯಾಗುತ್ತದೆ. ಆದರೆ ಹುರಿದ ಕಾಫಿಗೆ ನೂರಕ್ಕೆ 5 ಜಿಎಸ್‌ಟಿ ಇದೆ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ ವರ್ಷದ ವ್ಯಾಪಾರ 20 ಲಕ್ಷ, 40 ಲಕ್ಷ ದಾಟಿದರೆ ಮಾತ್ರ ನೋಂದಣಿ ಅನ್ನುವ ಮಿತಿಯ ಮಾತೇ ಬರುವುದಿಲ್ಲ. ಮೊದಲ ಪ್ಯಾಕೆಟ್‌ಗೇ ಜಿಎಸ್‌ಟಿ ನೋಂದಣಿ ಬೇಕು. ಕಾಂಪೊಸಿಷನ್ ಯೋಜನೆ (ಸಣ್ಣ ವ್ಯಾಪಾರಿಗಳು ಒಟ್ಟು ಮಾರಾಟದ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವುದು) ತೆಗೆದುಕೊಂಡರೆ ಲೆಕ್ಕ ಸುಲಭ, ಆದರೆ ಹೊರರಾಜ್ಯಕ್ಕೆ ಸರಕು ಕಳಿಸುವ ಹಾಗಿಲ್ಲ. ಅತಿಥಿ ನಿಮ್ಮ ಜಗಲಿಯಲ್ಲೇ ಕೊಂಡು ಕಾರಿನಲ್ಲಿ ಇಟ್ಟುಕೊಂಡು ಹೋದರೆ ಅದು ಬೇರೆ ಮಾತು. ಕುಟ್ಟದಿಂದ ನಾಲ್ಕು ಹೆಜ್ಜೆ ಹಾಕಿದರೆ ಕೇರಳ. ನಮ್ಮ ಜಿಲ್ಲೆಯ ವ್ಯಾಪಾರಕ್ಕೆ ಈ ಗಡಿಯ ವಿಷಯ ಚೆನ್ನಾಗಿ ಗೊತ್ತಿರಬೇಕು.

ಇನ್ನೊಂದು. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ. ನಿಮ್ಮದು ಪುಡಿಯೂ ಇದೆ, ಹೋಂಸ್ಟೇಯೂ ಇದೆ. ಹಾಗಿದ್ದಾಗ ಎಲ್ಲಾ ಸೇರಿ 20 ಲಕ್ಷದ ಮಿತಿ. ನೀವು ಅಂದಾಜಿನಲ್ಲಿ 18 ಅನ್ನುತ್ತಿದ್ದೀರಿ. ಅಂದಾಜು ಎರಡು ಲಕ್ಷ ಅತ್ತಿತ್ತ ಆದರೆ ಕಥೆಯೇ ಬೇರೆ. ತೋಟದ ಚೆರಿ ಮಾರಿದ ದುಡ್ಡನ್ನು ಹೇಗೆ ನೋಡಬೇಕು ಅನ್ನುವುದು ಬೇರೆ ಲೆಕ್ಕ. ಅದನ್ನು ಶೀಟಿನಲ್ಲಿ ಪ್ರತ್ಯೇಕ ಬರೆದು ಆಡಿಟರ್ ಮುಂದೆ ಇಡಿ.

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ನೆನಪಿದೆಯಾ? ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದರು. ಆಗ ನನ್ನ ಹತ್ತಿರವೂ ಬಹಳ ಜನ ಬಂದು ನಾವೂ ಕಿತ್ತುಬಿಡೋಣವಾ ಅಂತ ಕೇಳಿದ್ದರು. ಬೇಡ. ಪ್ರವಾಸಿಗಳ ಜೇಬಿನಲ್ಲಿ ಕ್ಯಾಶ್ ಇರುವುದಿಲ್ಲ. ಕಷ್ಟವಾದದ್ದು ಯಾರಿಗೆ ಅಂದರೆ, ಚೀಟಿ ದುಡ್ಡು, ತಂಗಿಗೆ ಕೊಟ್ಟ ಸಾಲ ವಾಪಸ್ ಬಂದದ್ದು, ವ್ಯಾಪಾರದ ದುಡ್ಡು ಎಲ್ಲಾ ಒಂದೇ ಖಾತೆಗೆ ಬಿದ್ದು, ಯಾವುದು ಯಾವುದು ಅಂತ ಹೇಳಲು ಆಗದವರಿಗೆ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿ, ಕ್ಯೂಆರ್ ಕೋಡ್ ಅದಕ್ಕೇ ಇರಲಿ. ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿಯನ್ನೂ ಮಾಡಿಸಿಕೊಳ್ಳಿ, 2020ರಿಂದ ಇದೆ, ಸರ್ಕಾರದ ಸೈಟಿನಲ್ಲಿ ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ಸೈಟುಗಳು ಸಾವಿರಾರು ರೂಪಾಯಿ ಕೇಳುತ್ತವೆ, ಅಲ್ಲಿ ದುಡ್ಡು ಕಟ್ಟಬೇಡಿ.

ಲೇಬಲ್ ವಿಷಯ ಚುಟುಕಾಗಿ ಹೇಳುತ್ತೇನೆ. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರು, ತೂಕ, ಎಂಆರ್‌ಪಿ, ತಯಾರಾದ ದಿನ, ವಿಳಾಸ, ದೂರು ಹೇಳಲು ಫೋನ್ ನಂಬರು ಇರಲೇಬೇಕು. ಚಿಕೋರಿ ಬೆರೆಸಿದರೆ ನೂರಕ್ಕೆ ಎಷ್ಟು ಅಂತ ಬರೆಯಬೇಕು, ಕಾಫಿ 51ಕ್ಕಿಂತ ಕಮ್ಮಿ ಇರಬಾರದು. ‘ಕೂರ್ಗ್ ಅರೇಬಿಕಾ’ ಅನ್ನುವ ಹೆಸರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ) ಬಂದಿದೆ. ನಿಮ್ಮ ಪುಡಿಯಲ್ಲಿ ರೋಬಸ್ಟಾ ಜಾಸ್ತಿ ಇರುವಾಗ ಆ ಹೆಸರು ಹಾಕಬೇಡಿ. ರೋಬಸ್ಟಾ ಅಂತಲೇ ಬರೆಯಿರಿ, ಫಿಲ್ಟರ್ ಕಾಫಿಗೆ ಅದರ ಗಟ್ಟಿತನ ಹುಡುಕಿಕೊಂಡು ಬರುವವರಿದ್ದಾರೆ. ಮನೆಯ ವೈನ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ: ಅಬಕಾರಿ ಲೈಸೆನ್ಸ್ ಇಲ್ಲದೆ ಅದನ್ನು ಕ್ಯಾಟಲಾಗಿಗೆ ಹಾಕಿದರೆ, ಸಾಕ್ಷಿಯನ್ನು ಫೋಟೋ ಸಮೇತ ನೀವೇ ಕೊಟ್ಟ ಹಾಗೆ.

ಮೋಸದ ಬಗ್ಗೆ ನಿಮ್ಮ ಇಬ್ಬರು ಹುಡುಗಿಯರನ್ನೂ ಕೂರಿಸಿಕೊಂಡು ಮಾತಾಡಿ. ನಮ್ಮ ಜಿಲ್ಲೆಯವರು ಬೇಗ ಬೀಳುವುದು ‘ಫೌಜಿ’ ಮೋಸಕ್ಕೆ. ಫೋನ್ ಬರುತ್ತದೆ, ಹಿಂದಿಯಲ್ಲಿ, ಬಹಳ ಮರ್ಯಾದೆಯ ದನಿ. ‘ನಾನು ಸೇನೆಯ ಆಫೀಸರ್, ನನ್ನ ಕುಟುಂಬಕ್ಕೆ ಎರಡು ಕೋಣೆ ಬೇಕು, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ.’ ಯೂನಿಫಾರಂ ಫೋಟೋ, ಐಡಿ ಕಾರ್ಡ್ ಎಲ್ಲಾ ವಾಟ್ಸ್‌ಆ್ಯಪ್‌ಗೆ ಬೀಳುತ್ತದೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ನಮ್ಮದು. ಸೇನೆ ಅಂದ ಕೂಡಲೇ ಮನಸ್ಸು ಮೆತ್ತಗಾಗುತ್ತದೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮಗೆ ಬರುತ್ತದೆ’ ಅನ್ನುತ್ತಾರೆ. ದುಡ್ಡು ಬರುವುದಕ್ಕೆ ಯಾವತ್ತೂ ಪಿನ್ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ಖಾತೆಗೆ ಬಂದದ್ದನ್ನು ನೋಡಿ ಕಟ್ಟಿ. ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.

ಮಳೆಗಾಲದ ಪ್ರಶ್ನೆಗೆ ಬರುತ್ತೇನೆ. ಶೀಟನ್ನು ಆಫ್‌ಲೈನ್‌ಗೆ ಇಟ್ಟುಕೊಳ್ಳುವ ಆಯ್ಕೆ ಆ್ಯಪ್‌ನಲ್ಲೇ ಇದೆ. ನೆಟ್‌ವರ್ಕ್ ಇಲ್ಲದಾಗಲೂ ಬರೆಯಬಹುದು, ಸಿಕ್ಕಾಗ ತಾನಾಗಿ ಮೇಲೆ ಹೋಗುತ್ತದೆ. ಬ್ಯಾಟರಿ ಪೂರ್ತಿ ಸತ್ತ ದಿನಕ್ಕೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ, ನಾನೇನೂ ಕಾಗದದ ವಿರೋಧಿಯಲ್ಲ. ಹಾಗಂತ ಬರೀ ಕಾಗದವನ್ನೂ ನಂಬಬೇಡಿ. 2018ರ ಆಗಸ್ಟ್ ತಿಂಗಳ ಮಳೆ, ಗುಡ್ಡ ಕುಸಿತವನ್ನು ನಿಮ್ಮ ಕಡೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ಆ ವಾರ ಉಟ್ಟ ಬಟ್ಟೆಯಲ್ಲಿ ಕ್ಯಾಂಪಿಗೆ ಬಂದವರೊಬ್ಬರು ನನ್ನ ಹತ್ತಿರ ಹೇಳಿದ್ದು: ‘ಮನೆ ಹೋಯಿತು ಸರ್, ಯಾರು ಎಷ್ಟು ಕೊಡಬೇಕು ಅನ್ನುವ ಪುಸ್ತಕವೂ ಹೋಯಿತು.’ ಶೀಟು ನಿಮ್ಮ ಮನೆಯ ಹೊರಗೂ ಒಂದು ಕಡೆ ಇರುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಟ್ಸ್‌ಆ್ಯಪ್‌ನ ‘ಅವೇ ಮೆಸೇಜ್’ (away, ನಾವಿಲ್ಲದಾಗ ತಾನಾಗಿ ಹೋಗುವ ಉತ್ತರ) ಅನ್ನುವಲ್ಲಿ ‘ಇಲ್ಲಿ ಜೋರು ಮಳೆ, ಉತ್ತರ ಒಂದು ದಿನ ತಡವಾಗಬಹುದು’ ಅಂತ ಹಾಕಿ. ಪಾರ್ಸೆಲ್‌ಗೆ ವಾರದಲ್ಲಿ ಎರಡೇ ದಿನ ಗೊತ್ತು ಮಾಡಿ, ಮಂಗಳವಾರ, ಶುಕ್ರವಾರ ಅಂತ. ಖಾಸಗಿ ಕೊರಿಯರ್ ಬರದ ಊರಿಗೂ ಸ್ಪೀಡ್ ಪೋಸ್ಟ್ ಇದೆ. ಮಳೆಗಾಲದಲ್ಲಿ ನನಗೆ ಅಂಚೆಯ ಮೇಲೇ ಜಾಸ್ತಿ ನಂಬಿಕೆ.

ಯಾರು ಕಲಿಯಬೇಕು? ನೀವು ಮತ್ತು ಆ ಇಬ್ಬರು ಹುಡುಗಿಯರು. ಮಗ ಭಾನುವಾರ ಬಂದು ಎಲ್ಲಾ ಮಾಡಿಟ್ಟು ಹೋದರೆ ಸೋಮವಾರ ಬೆಲೆ ಬದಲಾಯಿಸಲೂ ಅವನಿಗೇ ಫೋನ್ ಮಾಡಬೇಕಾಗುತ್ತದೆ. ಅವನಿಗೆ ಒಂದು ಕೆಲಸ ಕೊಡಿ: ಫೋನನ್ನು ಮುಟ್ಟದೆ ಬಾಯಲ್ಲಿ ಮಾತ್ರ ಹೇಳಿಕೊಡಬೇಕು, ಒತ್ತುವುದು ನೀವೇ. ಮಕ್ಕಳಿಗೆ ಇದು ಬಹಳ ಕಷ್ಟ, ತಾಳ್ಮೆ ಇರುವುದಿಲ್ಲ. ಪ್ಯಾಕ್ ಮಾಡುವ ಹುಡುಗಿಯರಿಗೆ ಇನ್‌ಸ್ಟಾಗ್ರಾಂ ನಿಮಗಿಂತ ಚೆನ್ನಾಗಿ ಬರುತ್ತದೆ, ಅದನ್ನು ಅವರಿಗೇ ಬಿಡಿ. ದಿನಕ್ಕೊಂದು ರೀಲ್ ಬೇಡ. ಕಾಫಿ ಹೂ ಬಿಟ್ಟ ದಿನ, ಕಣದಲ್ಲಿ ಚೆರಿ ಹರವುವಾಗ, ಏಣಿ ಹತ್ತಿ ಮೆಣಸು ಕೊಯ್ಯುವಾಗ, ಹಂಚಿನ ಮೇಲೆ ಮಳೆ ಸುರಿಯುವಾಗ ಫೋನ್ ಎತ್ತಿ ಹಿಡಿದರೆ ಸಾಕು. ಅವರ ಸಂಬಳಕ್ಕೆ ಸ್ವಲ್ಪ ಸೇರಿಸಿ, ಇದೂ ಕೆಲಸವೇ ತಾನೇ. ಒಂದೂವರೆ ಲಕ್ಷದಲ್ಲಿ ಸ್ವಲ್ಪ ಭಾಗ ಒಳ್ಳೆಯ ಇನ್ವರ್ಟರಿಗೆ, ಸ್ವಲ್ಪ ಲೇಬಲ್ ಡಿಸೈನಿಗೆ, ಸ್ವಲ್ಪ ಆಡಿಟರ್‌ಗೆ ಹೋಗಲಿ.

ಆರು ತಿಂಗಳ ಶೀಟು ಕೈಯಲ್ಲಿ ಇಟ್ಟುಕೊಂಡು ಆ ಏಜೆನ್ಸಿಯವರನ್ನು ಮತ್ತೆ ಕರೆಯಿರಿ. ಡೊಮೇನ್ (ವೆಬ್‌ಸೈಟಿನ ವಿಳಾಸ) ಯಾರ ಹೆಸರಿನಲ್ಲಿ ಇರುತ್ತದೆ, ಎರಡನೇ ವರ್ಷ ಎಷ್ಟು ಕಟ್ಟಬೇಕು, ಬೆಲೆಯನ್ನು ನಾವೇ ಬದಲಾಯಿಸಬಹುದಾ, ನಿಮ್ಮನ್ನು ಬಿಟ್ಟರೆ ಪಾಸ್‌ವರ್ಡ್‌ಗಳನ್ನು ಕೊಡುತ್ತೀರಾ ಅಂತ ಕೇಳಿ. ನಾಲ್ಕಕ್ಕೂ ನೇರ ಉತ್ತರ ಬಂದರೆ ಬೇಕಾದಷ್ಟು ಭಾಗವನ್ನು ಮಾತ್ರ, ಕಂತಿನಲ್ಲಿ ದುಡ್ಡು ಕೊಟ್ಟು ಮಾಡಿಸಿ. ಈಗ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ, ತೋಟದಲ್ಲಿ ಕೆಲಸ ಕಮ್ಮಿ. ಕಾಫಿ ಕೊಯ್ಲು ಶುರುವಾದ ಮೇಲೆ ನಿಮಗೆ ಉಸಿರಾಡಲೂ ಹೊತ್ತು ಇರುವುದಿಲ್ಲ, ಇದೆಲ್ಲ ಈಗಲೇ ಹಿಡಿಯಿರಿ.

ಇಂಗ್ಲಿಷಿನ ಪ್ರಶ್ನೆ. ಬೇಕಾಗಿಲ್ಲ. ಕ್ಯಾಟಲಾಗಿನಲ್ಲಿ ಮೇಲಿನ ಸಾಲು ಕನ್ನಡದಲ್ಲಿರಲಿ, ಕೆಳಗೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಕಾಚಂಪುಳಿಯನ್ನು ಹುಡುಕುವವರು ಇಂಗ್ಲಿಷಿನಲ್ಲಿ ನಾಲ್ಕು ಥರ ಸ್ಪೆಲ್ಲಿಂಗ್ ಹೊಡೆಯುತ್ತಾರೆ, ವಿವರಣೆಯಲ್ಲಿ ನಾಲ್ಕನ್ನೂ ಬರೆದಿಡಿ. ಪಂದಿಕರಿಗೆ ಎಷ್ಟು ಚಮಚ ಹಾಕಬೇಕು ಅನ್ನುವುದನ್ನು ಮಾತ್ರ ಬರೆಯಬೇಡಿ, ನಿಮ್ಮ ದನಿಯಲ್ಲೇ ವಾಯ್ಸ್ ಮೆಸೇಜ್ ಕಳಿಸಿ.